ಹೆಣ್ಣಿಲಿಗೇ ಯಾಕೆ ಜಾಸ್ತಿ? ಆಟೋಇಮ್ಯೂನ್ ರೋಗದಲ್ಲಿ ಗಂಡು–ಹೆಣ್ಣಿನ ವ್ಯತ್ಯಾಸ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಎನ್‌ಒಡಿ (ನಾನ್ ಒಬೀಸ್ ಡಯಾಬಿಟಿಕ್) ತಳಿಯ ಇಲಿಗೆ ಸಕ್ಕರೆ ಕಾಯಿಲೆ ಬರಿಸಲು ನೀವು ಏನೂ ಮಾಡಬೇಕಿಲ್ಲ. ಚುಚ್ಚುಮದ್ದು ಬೇಡ, ವಿಶೇಷ ಆಹಾರ ಬೇಡ. ಶುಚಿಯಾದ ಕೇಜ್‌ನಲ್ಲಿ ಸುಮ್ನೆ ಸಾಕಿದರೆ ಸಾಕು. 30 ವಾರ ತುಂಬುವ ಹೊತ್ತಿಗೆ ಹೆಣ್ಣುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 60ರಿಂದ 80ಕ್ಕೆ ಕಾಯಿಲೆ ಬಂದಿರುತ್ತದೆ. ಗಂಡುಗಳಲ್ಲಿ ಬಹಳಷ್ಟು ಕಡೆ ನೂರಕ್ಕೆ 20–30 ಅಷ್ಟೇ. ತಲೆಮಾರುಗಟ್ಟಲೆ ಒಡಹುಟ್ಟುಗಳನ್ನೇ ಕೂಡಿಸಿ ಬೆಳೆಸಿದ ತಳಿ ಇದು. ತಿನ್ನುವುದು ಒಂದೇ ಆಹಾರ, ಇರುವುದು ಒಂದೇ ಕೋಣೆ. ಎಕ್ಸ್, ವೈ ಕ್ರೋಮೋಸೋಮ್ ಬಿಟ್ಟರೆ ಜೀನ್‌ಗಳೂ ಒಂದೇ. ಆದರೂ ಇಷ್ಟು ಅಂತರ.

ಈ ಅಂತರದಿಂದಾಗಿಯೇ ಎಷ್ಟೋ ಲ್ಯಾಬ್‌ಗಳು ಗಂಡು ಎನ್‌ಒಡಿಗಳನ್ನು ಬಳಸುವುದೇ ಇಲ್ಲ. ರೋಗ ಬೇಗ ಬರಲಿ, ಪ್ರಯೋಗ ಬೇಗ ಮುಗಿಯಲಿ ಅಂತ ಹೆಣ್ಣುಗಳನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಹುಟ್ಟಿದ ಮರಿಗಳಲ್ಲಿ ಅರ್ಧ ವ್ಯರ್ಥ. ರೋಗ ಬರದ ಇಲಿಯಲ್ಲಿ ಅದನ್ನು ತಡೆದದ್ದು ಏನು ಎಂಬ ಪ್ರಶ್ನೆಯೂ ಅದರ ಜೊತೆಗೇ ಹೋಗುತ್ತದೆ.

ಈ ಬರಹ ಇಲಿ ಮೇಲೆ ಕೆಲಸ ಶುರು ಮಾಡುತ್ತಿರುವ ಎಂಎಸ್ಸಿ, ಪಿಎಚ್‌ಡಿ ವಿದ್ಯಾರ್ಥಿಗಳಿಗೆ. ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೇ ತಿರುಗಿ ಬೀಳುವ ಆಟೋಇಮ್ಯೂನ್ ಕಾಯಿಲೆಗಳಲ್ಲಿ ಗಂಡು–ಹೆಣ್ಣಿನ ವ್ಯತ್ಯಾಸವನ್ನು ಅಳೆಯುವುದು ಹೇಗೆ, ಅದರ ಕಾರಣ ಹುಡುಕುವುದು ಹೇಗೆ ಎಂದು ಹಂತ ಹಂತವಾಗಿ ನೋಡೋಣ. ಎನ್‌ಒಡಿಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಂಡು ಮತ್ತು ಹೆಣ್ಣು ಇಲಿಗಳ ನಡುವೆ ಕಾಣುವ ವ್ಯತ್ಯಾಸಕ್ಕೆ ಲಿಂಗವೇ ಕಾರಣ ಆಗಿರಬೇಕಿಲ್ಲ. ಕೇಜ್, ಡೋಸ್, ಕರುಳಿನ ಬ್ಯಾಕ್ಟೀರಿಯಾ, ಕಚ್ಚಾಟದ ಗಾಯ, ಇವೆಲ್ಲ ಲಿಂಗದ ವೇಷ ಹಾಕಿಕೊಂಡು ಬರುತ್ತವೆ. ಇವನ್ನು ಬಿಡಿಸಿ ನೋಡುವುದೇ ಇಲ್ಲಿನ ಅಸಲಿ ಕೆಲಸ.

ಹಂತ 1: ಯಾವ ವ್ಯತ್ಯಾಸ ಬೇಕು ಅಂತ ಬರೆದಿಡಿ

'ಹೆಣ್ಣುಗಳಲ್ಲಿ ರೋಗ ಜಾಸ್ತಿ' ಅನ್ನುವುದರೊಳಗೆ ನಾಲ್ಕು ಬೇರೆ ಬೇರೆ ಮಾತುಗಳಿವೆ. ಎಷ್ಟು ಇಲಿಗಳಿಗೆ ಬಂತು, ಎಷ್ಟು ವಯಸ್ಸಿಗೆ ಬಂತು, ಎಷ್ಟು ಜೋರಾಗಿ ಬಂತು, ಎಷ್ಟು ದಿನ ಬದುಕಿದವು. ಎನ್‌ಒಡಿಯಲ್ಲಿ ಐಲೆಟ್‌ಗಳ (ಪ್ಯಾಂಕ್ರಿಯಾಸ್‌ನಲ್ಲಿನ ಕೋಶಗಳ ಗುಂಪುಗಳ) ಸುತ್ತ ಬಿಳಿ ರಕ್ತಕಣ ಸೇರುವ ಇನ್ಸುಲೈಟಿಸ್ ಎರಡೂ ಲಿಂಗಗಳಲ್ಲಿ ಆಗುತ್ತದೆ. ಎಳೆ ವಯಸ್ಸಿನಲ್ಲೇ, 4–5 ವಾರಕ್ಕೇ ಶುರುವಾಗುತ್ತದೆ. ಅಲ್ಲಿಂದ ಮುಂದೆ ಹೆಣ್ಣುಗಳಲ್ಲಿ ಅದು ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ನಾಶದವರೆಗೂ ಹೋಗುತ್ತದೆ, ಬಹುಪಾಲು ಗಂಡುಗಳಲ್ಲಿ ನಡುವೆಯೇ ನಿಲ್ಲುತ್ತದೆ. 'ರೋಗ ಇದೆಯಾ' ಅಂತ ಕೇಳಿದರೆ ಒಂದು ಉತ್ತರ, 'ರಕ್ತದಲ್ಲಿ ಸಕ್ಕರೆ ಏರಿತಾ' ಅಂತ ಕೇಳಿದರೆ ಇನ್ನೊಂದು. ಮುಖ್ಯ ಅಳತೆ ಯಾವುದು ಅಂತ ಪ್ರಯೋಗಕ್ಕೆ ಮೊದಲೇ ಒಂದು ಸಾಲಿನಲ್ಲಿ ಬರೆದು, ತಾರೀಕು ಹಾಕಿ.

ಹಂತ 2: ಪ್ರಶ್ನೆಗೆ ತಕ್ಕ ತಳಿ ಆರಿಸಿ

ಇದು ಅರ್ಧ ಪ್ರಯೋಗಕ್ಕೆ ಸಮ. ತಳಿ ಬದಲಾದರೆ ವ್ಯತ್ಯಾಸದ ದಿಕ್ಕೇ ಬದಲಾಗಬಹುದು.

ಚರ್ಮ, ಕೀಲು, ಕಿಡ್ನಿ ಹೀಗೆ ಹಲವು ಅಂಗಗಳನ್ನು ಕಾಡುವ ಲೂಪಸ್‌ನಲ್ಲಿ ಆಸಕ್ತಿ ಇದ್ದರೆ ಎನ್‌ಝಡ್‌ಬಿ ಮತ್ತು ಎನ್‌ಝಡ್‌ಡಬ್ಲ್ಯೂ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ ಇಲಿಗಳಿವೆ. ಎನ್‌ಝಡ್‌ಬಿ ತಳಿ ನ್ಯೂಜಿಲೆಂಡ್‌ನ ಡುನೆಡಿನ್‌ನಲ್ಲಿ ಮೇರಿಯನ್ ಬೀಲ್‌ಶೌಸ್ಕಿ ಬೆಳೆಸಿದ್ದು. ಈ ಮಿಶ್ರತಳಿಯ ಹೆಣ್ಣುಗಳಲ್ಲಿ ಅರ್ಧದಷ್ಟು 8–9 ತಿಂಗಳಿಗೆ ಕಿಡ್ನಿ ಕೆಟ್ಟು ಸಾಯುತ್ತವೆ. ಗಂಡುಗಳು ವರ್ಷ ದಾಟಿ ಬದುಕುತ್ತವೆ. ಮನುಷ್ಯರಲ್ಲಿ ಲೂಪಸ್ ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ಹಾಗಾಗಿ ಈ ಮಾದರಿ ಮನುಷ್ಯರ ಕಾಯಿಲೆಗೆ ಹತ್ತಿರ.

ಲೂಪಸ್‌ನದೇ ಇನ್ನೊಂದು ಮಾದರಿಯಾದ ಎಂಆರ್‌ಎಲ್/ಎಲ್‌ಪಿಆರ್ ತಳಿಯಲ್ಲಿ ಫ್ಯಾಸ್ ಎಂಬ ಜೀನ್ ಕೆಟ್ಟಿರುತ್ತದೆ. ಅಲ್ಲಿ ಎರಡೂ ಲಿಂಗಗಳಿಗೆ ರೋಗ ಬರುತ್ತದೆ, ಹೆಣ್ಣುಗಳಿಗೆ ಸ್ವಲ್ಪ ಮೊದಲು ಅಷ್ಟೇ. ವ್ಯತ್ಯಾಸ ಚಿಕ್ಕದು. ಅದನ್ನು ಹಿಡಿಯಲು ಇಲಿಗಳು ಜಾಸ್ತಿ ಬೇಕು.

ಬಿಎಕ್ಸ್‌ಎಸ್‌ಬಿ ಎಂಬ ಲೂಪಸ್ ತಳಿಯದು ಪೂರ್ತಿ ಉಲ್ಟಾ. ಅಲ್ಲಿ ರೋಗ ಗಂಡುಗಳಿಗೆ ಜೋರು. ಕಾರಣ ಹಾರ್ಮೋನ್ ಅಲ್ಲ. ಎಕ್ಸ್ ಕ್ರೋಮೋಸೋಮಿನ ಒಂದು ತುಂಡು ಮುರಿದು ವೈ ಮೇಲೆ ಕೂತಿದೆ. ಆ ತುಂಡಿನಲ್ಲಿ ವೈರಸ್ ಆರ್‌ಎನ್‌ಎ ಗುರುತಿಸಿ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸುವ ಟಿಎಲ್‌ಆರ್7 ಜೀನ್ ಇದೆ. ಹಾಗಾಗಿ ಗಂಡುಗಳಿಗೆ ಆ ಜೀನ್ ಎರಡು ಪ್ರತಿ ಸಿಗುತ್ತದೆ. 2006ರಲ್ಲಿ ಇದು ಗೊತ್ತಾಯಿತು. ಗಂಡು–ಹೆಣ್ಣಿನ ವ್ಯತ್ಯಾಸ ಅಂದ ಕೂಡಲೇ ಈಸ್ಟ್ರೋಜನ್ ಕಡೆ ಬೆರಳು ತೋರಿಸುವವರಿಗೆ ನಾನು ಮೊದಲು ಹೇಳುವ ಕಥೆ ಇದೇ.

ಮಲ್ಟಿಪಲ್ ಸ್ಕ್ಲೆರೋಸಿಸ್ (ನರತಂತುಗಳ ಹೊದಿಕೆ ಹಾಳಾಗುವ ಕಾಯಿಲೆ) ಮಾದರಿಯಾದ ಇಎಇ ಮಾಡುವವರು ನೆನಪಿಡಿ: ಎಸ್‌ಜೆಎಲ್ ತಳಿಯಲ್ಲಿ ಹೆಣ್ಣುಗಳಿಗೆ ರೋಗ ಜೋರು. ಎಲ್ಲರ ಲ್ಯಾಬ್‌ನಲ್ಲೂ ಇರುವ ಸಿ57ಬಿಎಲ್/6ರಲ್ಲಿ ಎಂಒಜಿ ಪೆಪ್ಟೈಡ್ (ಆ ಹೊದಿಕೆಯ ಪ್ರೋಟೀನಿನ ತುಣುಕು) ಕೊಟ್ಟು ರೋಗ ಬರಿಸಿದರೆ ಗಂಡು–ಹೆಣ್ಣಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಾಮಾನ್ಯವಾಗಿ ಕಾಣುವುದಿಲ್ಲ. ಕೈಗೆ ಸಿಕ್ಕಿದ ತಳಿಯಲ್ಲಿ ಮಾಡಿ, 'ವ್ಯತ್ಯಾಸವೇ ಇಲ್ಲ' ಅಂತ ಬರೆದುಬಿಡುವುದು ಸುಲಭ.

ಇನ್ನು ಎನ್‌ಒಡಿ. 1980ರಲ್ಲಿ ಜಪಾನಿನ ಶಿಯೊನೊಗಿ ಸಂಶೋಧಕರು ವರದಿ ಮಾಡಿದ ತಳಿ. ವ್ಯತ್ಯಾಸ ದೊಡ್ಡದು, ಅಳೆಯುವುದು ಸುಲಭ. ಆದರೆ ಒಂದು ತಕರಾರಿದೆ. ಮನುಷ್ಯರ ಟೈಪ್ 1 ಡಯಾಬಿಟಿಸ್‌ನಲ್ಲಿ ಹೆಂಗಸರ ಪಾಲು ಜಾಸ್ತಿ ಇಲ್ಲ. ಪ್ರಾಯಕ್ಕೆ ಬಂದ ಮೇಲೆ ಶುರುವಾಗುವ ಪ್ರಕರಣಗಳಲ್ಲಿ ಗಂಡಸರೇ ತುಸು ಹೆಚ್ಚು. ಅಂದರೆ ಎನ್‌ಒಡಿ ಹೆಣ್ಣಿನ ಕಥೆಯನ್ನು ನೇರವಾಗಿ ಮನುಷ್ಯರ ಹೆಣ್ಣುಮಕ್ಕಳಿಗೆ ದಾಟಿಸಲು ಬರುವುದಿಲ್ಲ. ರೋಗವನ್ನು ತಡೆಯುವ ಶಕ್ತಿ ಗಂಡಿನ ದೇಹದಲ್ಲಿ ಎಲ್ಲಿಂದ ಬರುತ್ತದೆ ಎಂದು ಹುಡುಕಲು ಮಾತ್ರ ಇದಕ್ಕಿಂತ ಒಳ್ಳೆಯ ಮಾದರಿ ಕಡಿಮೆ.

ಹಂತ 3: ಒಪ್ಪಿಗೆ

ಭಾರತದಲ್ಲಿ ಸಂಸ್ಥೆಯ ಪ್ರಾಣಿ ನೀತಿ ಸಮಿತಿ, ಅಂದರೆ ಐಎಇಸಿ ಒಪ್ಪಿಗೆ ಕೊಡದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಬೆಂಗಳೂರಿನ ಐಐಎಸ್‌ಸಿ ಇರಲಿ, ಎನ್‌ಸಿಬಿಎಸ್ ಇರಲಿ, ನಿಯಮ ಒಂದೇ. ಮೇಲಿರುವುದು ಕೇಂದ್ರ ಸರ್ಕಾರದ ಸಿಸಿಎಸ್‌ಇಎ, ಹಿಂದೆ ಸಿಪಿಸಿಎಸ್‌ಇಎ ಅನ್ನುತ್ತಿದ್ದ ಸಮಿತಿ. ಅರ್ಜಿಯಲ್ಲಿ ಗಂಡು ಎಷ್ಟು, ಹೆಣ್ಣು ಎಷ್ಟು, ಯಾಕೆ ಅಷ್ಟು ಅಂತ ಬೇರೆ ಬೇರೆ ಬರೆಯಿರಿ. ಪ್ರಯೋಗ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದನ್ನೂ ಬರೆಯಿರಿ. ಸಕ್ಕರೆ ಏರಿದ್ದು ಖಚಿತವಾದ ಮೇಲೆ ಇಲಿಯನ್ನು ಸುಮ್ನೆ ನರಳಲು ಬಿಡಬೇಕಾಗಿಲ್ಲ. ನಿಮಗೆ ಬೇಕಾದ ಉತ್ತರ ಆಗಲೇ ಸಿಕ್ಕಿರುತ್ತದೆ. ತೂಕ ನೂರಕ್ಕೆ 20 ಇಳಿಯುವುದನ್ನು ಹಲವು ಕಡೆ ಕೊನೆಯ ಗೆರೆಯಾಗಿ ಇಡುತ್ತಾರೆ.

ವಿದೇಶದಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಹಣದ ಮೇಲೆ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಲಿಂಗವನ್ನು ಜೈವಿಕ ಅಂಶವಾಗಿ ಪರಿಗಣಿಸಬೇಕು ಎಂಬ ನಿಯಮ 2016ರ ಜನವರಿಯಿಂದ ಜಾರಿಯಲ್ಲಿದೆ. ಒಂದೇ ಲಿಂಗ ಬಳಸಿದರೆ ಕಾರಣ ಕೊಡಬೇಕು. 'ಹೆಣ್ಣಿಲಿಗಳಿಗೆ ಬೆದೆಯ ಚಕ್ರ ಇದೆ, ಅಂಕಿಗಳು ಓಲಾಡುತ್ತವೆ' ಅನ್ನುವ ಹಳೆಯ ನೆಪ ಈಗ ನಡೆಯುವುದಿಲ್ಲ. 2014ರಲ್ಲಿ 293 ಲೇಖನಗಳ ದತ್ತಾಂಶ ಒಟ್ಟುಮಾಡಿ ನೋಡಿದಾಗ ಚಕ್ರದ ಹಂತ ಲೆಕ್ಕಿಸದೆ ಬಳಸಿದ ಹೆಣ್ಣುಗಳ ಅಂಕಿಗಳು ಗಂಡುಗಳದ್ದಕ್ಕಿಂತ ಜಾಸ್ತಿ ಓಲಾಡಲಿಲ್ಲ. ಒಟ್ಟಿಗಿರುವ ಗಂಡುಗಳಲ್ಲಿ ಯಜಮಾನ ಯಾರು ಎಂಬ ಜಗಳ ಇರುತ್ತದಲ್ಲ, ಅದೇನು ಕಡಿಮೆ ಏರುಪೇರು ತರುತ್ತದಾ?

ಹಂತ 4: ಎಷ್ಟು ಇಲಿ ಬೇಕು

ಮೊದಲು ಸರಳ ಲೆಕ್ಕ. ಹೆಣ್ಣುಗಳಲ್ಲಿ ನೂರಕ್ಕೆ 75, ಗಂಡುಗಳಲ್ಲಿ ನೂರಕ್ಕೆ 25 ರೋಗ ಬರುತ್ತದೆ ಅಂದುಕೊಳ್ಳಿ. 80 ಶೇಕಡಾ ಪವರ್ (ನಿಜವಾದ ವ್ಯತ್ಯಾಸ ಕೈಗೆ ಸಿಗುವ ಸಾಧ್ಯತೆ), 5 ಶೇಕಡಾ ಮಿತಿ (ಇಲ್ಲದ ವ್ಯತ್ಯಾಸ ಇದೆ ಅನ್ನುವ ತಪ್ಪಿಗೆ) ಇಟ್ಟುಕೊಂಡರೆ ಸಾಮಾನ್ಯ ಸೂತ್ರ ಪ್ರತಿ ಲಿಂಗಕ್ಕೆ 12 ಇಲಿ ಅನ್ನುತ್ತದೆ. ಸಣ್ಣ ಸಂಖ್ಯೆಗೆ ಬೇಕಾದ ತಿದ್ದುಪಡಿ ಸೇರಿಸಿ 15–16 ಇಟ್ಟುಕೊಳ್ಳಿ. ನಡುವೆ ಸಾಯುವ ಇಲಿಗಳಿಗೆ ಅಂತ ಒಂದೆರಡು ಜಾಸ್ತಿ.

ಇದು ಬರೀ 'ವ್ಯತ್ಯಾಸ ಇದೆಯಾ' ಅನ್ನುವ ಪ್ರಶ್ನೆಗೆ. 'ಈ ಔಷಧ ಹೆಣ್ಣುಗಳ ಮೇಲೆ ಗಂಡುಗಳಿಗಿಂತ ಬೇರೆ ಥರ ಕೆಲಸ ಮಾಡುತ್ತದಾ' ಅಂತ ಕೇಳಿದರೆ ಲೆಕ್ಕವೇ ಬೇರೆ. ಅಲ್ಲಿ ನೀವು ಅಳೆಯುವುದು ಎರಡು ವ್ಯತ್ಯಾಸಗಳ ನಡುವಿನ ವ್ಯತ್ಯಾಸ. ಔಷಧದ ಒಟ್ಟು ಪರಿಣಾಮವನ್ನು ಹಿಡಿಯಲು ಬೇಕಾದ ಇಲಿಗಳಿಗೆ ಹೋಲಿಸಿದರೆ, ಅಷ್ಟೇ ಗಾತ್ರದ ಈ ವ್ಯತ್ಯಾಸ ಹಿಡಿಯಲು ನಾಲ್ಕು ಪಟ್ಟು ಇಲಿ ಬೇಕು. ಅದಕ್ಕಿಂತ ಚಿಕ್ಕದಾದರೆ ಇನ್ನೂ ಜಾಸ್ತಿ. ಈ ಲೆಕ್ಕ ನೋಡಿ ಗಾಬರಿಯಾಗುವುದು ಸಹಜ. ಅಷ್ಟು ಇಲಿ ಸಾಧ್ಯವಿಲ್ಲದಿದ್ದರೆ ಎರಡೂ ಲಿಂಗ ಬಳಸಿ, ಒಟ್ಟು ಪರಿಣಾಮ ಹೇಳಿ, ಲಿಂಗದ ಬಗ್ಗೆ ದೊಡ್ಡ ಮಾತು ಆಡಬೇಡಿ. ಅದೂ ಒಳ್ಳೆಯ ಪ್ರಯೋಗವೇ.

ಎನ್‌ಒಡಿಯಲ್ಲಿ ಇನ್ನೊಂದು ಗುಂಡಿ ಇದೆ. ಗಂಡುಗಳಲ್ಲಿ ರೋಗ ಬರುವುದೇ ನೂರಕ್ಕೆ 25. ಔಷಧ ಅದನ್ನು ಎಷ್ಟು ತಾನೇ ಇಳಿಸೀತು? ಹೆಣ್ಣುಗಳಲ್ಲಿ 75ರಿಂದ 40ಕ್ಕೆ ಇಳಿದದ್ದು ಕಣ್ಣಿಗೆ ಹೊಡೆಯುತ್ತದೆ, ಗಂಡುಗಳಲ್ಲಿ 25ರಿಂದ 13ಕ್ಕೆ ಇಳಿದದ್ದು ಕಾಣುವುದೇ ಇಲ್ಲ. ಪ್ರಮಾಣದಲ್ಲಿ ನೋಡಿದರೆ ಎರಡೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿವೆ. 'ಔಷಧ ಹೆಣ್ಣುಗಳಲ್ಲಿ ಮಾತ್ರ ಫಲ ಕೊಟ್ಟಿತು' ಅಂತ ಬರೆದರೆ ಅದು ಜೀವಶಾಸ್ತ್ರದ ಮಾತಲ್ಲ, ಜಾಗದ ಕೊರತೆಯ ಮಾತು. ಇದಕ್ಕೆ ದಾರಿ ಏನು? ಬಂತು–ಬರಲಿಲ್ಲ ಅನ್ನುವುದರ ಬದಲು ಇನ್ಸುಲೈಟಿಸ್ ಅಂಕ ಅಳೆಯುವುದು ಒಂದು. ಸೈಕ್ಲೋಫಾಸ್ಫಮೈಡ್ ಎಂಬ ಕ್ಯಾನ್ಸರ್ ಔಷಧ ಕೊಟ್ಟು ಗಂಡುಗಳಲ್ಲೂ ರೋಗ ಚುರುಕಾಗಿಸುವುದು ಇನ್ನೊಂದು.

ಹಂತ 5: ಮರಿ, ಕೇಜ್, ಬೆಡ್ಡಿಂಗ್

ಸಾಧ್ಯವಾದರೆ ಇಲಿಗಳನ್ನು ನಿಮ್ಮಲ್ಲೇ ಹುಟ್ಟಿಸಿ. ಒಂದೇ ಸೂಲಿನ ಅಣ್ಣತಮ್ಮ–ಅಕ್ಕತಂಗಿಯರನ್ನು ಹೋಲಿಸುವಷ್ಟು ನ್ಯಾಯವಾದ ಹೋಲಿಕೆ ಬೇರೆ ಇಲ್ಲ. ತಾಯಿ ಒಬ್ಬಳೇ, ಹಾಲು ಒಂದೇ, ಮೊದಲು ಸಿಕ್ಕ ಬ್ಯಾಕ್ಟೀರಿಯಾಗಳೂ ಒಂದೇ. ಹೆಣ್ಣುಗಳನ್ನು ಒಂದು ಕಡೆಯಿಂದ, ಗಂಡುಗಳನ್ನು ಇನ್ನೊಂದು ಕಡೆಯಿಂದ ಕೊಂಡರೆ ಪ್ರಯೋಗ ಅಲ್ಲಿಗೇ ಮುಗಿಯಿತು. ಮರಿ ಹಾಕಿದ ಹೆಣ್ಣನ್ನು ಮರಿ ಹಾಕದ ಹೆಣ್ಣಿನ ಜೊತೆ ಬೆರೆಸಬೇಡಿ.

ಲಿಂಗ ಗುರುತಿಸಲು ಮಲದ್ವಾರ ಮತ್ತು ಜನನಾಂಗದ ನಡುವಿನ ಅಂತರ ನೋಡಿ. ಗಂಡಿನಲ್ಲಿ ಅದು ಜಾಸ್ತಿ. ಕಪ್ಪು ಮರಿಗಳಲ್ಲಿ ಆ ಜಾಗದಲ್ಲಿ ಚುಕ್ಕೆ ಕಾಣುತ್ತದೆ. ಎನ್‌ಒಡಿ ಬಿಳಿ ಇಲಿ, ಆ ಗುರುತು ಸಿಗುವುದಿಲ್ಲ. ಹತ್ತು ದಿನ ಆಸುಪಾಸಿನಲ್ಲಿ ಹೆಣ್ಣುಮರಿಯ ಹೊಟ್ಟೆ ಮೇಲೆ ಮೊಲೆತೊಟ್ಟು ಕಾಣುತ್ತದೆ, ಆಗ ಇನ್ನೊಮ್ಮೆ ನೋಡಿ. 21 ದಿನಕ್ಕೆ ಹಾಲು ಬಿಡಿಸುವಾಗ ಮೂರನೇ ಸಲ. ತಪ್ಪಾಗಿ ಸೇರಿದ ಒಂದು ಗಂಡು ಇಡೀ ಹೆಣ್ಣು ಕೇಜನ್ನು ಗಬ್ಬ ಮಾಡಿಬಿಡುತ್ತದೆ.

ಈಗ ಬಹಳ ಮಂದಿ ಮರೆಯುವ ವಿಷಯ. ಹಾಲು ಬಿಡಿಸಿದ ಮೇಲೆ ಗಂಡು–ಹೆಣ್ಣು ಬೇರೆ ಕೇಜ್‌ಗೆ ಹೋಗಲೇಬೇಕು. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ. ಹಾಗಾಗಿ ಒಂದು ಕೇಜಿನ ಇಲಿಗಳ ಕರುಳಿನಲ್ಲಿ ಸ್ವಲ್ಪ ದಿನದಲ್ಲೇ ಒಂದೇ ಥರದ ಬ್ಯಾಕ್ಟೀರಿಯಾ ಇರುತ್ತವೆ. ಒಂದೇ ಕೇಜಿನಲ್ಲಿ ಐದು ಹೆಣ್ಣು, ಇನ್ನೊಂದರಲ್ಲಿ ಐದು ಗಂಡು ಇಟ್ಟು ಹೋಲಿಸಿದರೆ ನೀವು ಹೋಲಿಸಿದ್ದು ಲಿಂಗವನ್ನೋ ಕೇಜನ್ನೋ? ಹೇಳಲು ಆಗುವುದೇ ಇಲ್ಲ. ಪ್ರತಿ ಲಿಂಗಕ್ಕೆ ಆರೇಳು ಕೇಜ್ ಇಡಿ. ಪ್ರತಿ ಕೇಜಿನಲ್ಲಿ ಎರಡು–ಮೂರು ಇಲಿ. ರ‍್ಯಾಕಿನ ಮೇಲಿನ ಸಾಲೆಲ್ಲ ಹೆಣ್ಣು, ಕೆಳಗಿನ ಸಾಲೆಲ್ಲ ಗಂಡು ಅಂತ ಜೋಡಿಸಬೇಡಿ. ಮೇಲೆ ಬೆಳಕು ಜಾಸ್ತಿ. ಬೆರೆಸಿ ಇಡಿ.

ಗಂಡುಗಳನ್ನು ಹಾಲು ಬಿಡಿಸಿದಾಗ ಹೇಗೆ ಗುಂಪು ಮಾಡಿದಿರೋ ಹಾಗೆಯೇ ಕೊನೆತನಕ ಬಿಡಿ. ನಡುವೆ ಹೊಸಬನನ್ನು ಸೇರಿಸಿದರೆ ಕಚ್ಚಾಟ ಖಂಡಿತ. ಎಸ್‌ಜೆಎಲ್ ಗಂಡುಗಳಂತೂ ಇದಕ್ಕೆ ಕುಖ್ಯಾತ. ಬೆನ್ನು, ಬಾಲದ ಬುಡದಲ್ಲಿ ಗಾಯ ಇದ್ದ ಇಲಿಯ ಗುಲ್ಮ, ದುಗ್ಧಗ್ರಂಥಿ ತೆಗೆದು ಉರಿಯೂತ ಅಳೆದರೆ ನಿಮಗೆ ಸಿಗುವುದು ಗಾಯದ ಲೆಕ್ಕ. ಜಗಳ ತಪ್ಪಿಸಲು ಗಂಡುಗಳನ್ನು ಒಂಟಿಯಾಗಿ, ಹೆಣ್ಣುಗಳನ್ನು ಗುಂಪಾಗಿ ಇಡುವುದೂ ತಪ್ಪು. ಒಂಟಿತನವೇ ಇನ್ನೊಂದು ಒತ್ತಡ. ಎರಡಕ್ಕೂ ಒಂದೇ ರೀತಿ ಮಾಡಿ.

ಬೆಡ್ಡಿಂಗ್ ಏನು ಹಾಕುತ್ತೀರಿ ಅಂತಲೂ ನೋಡಿ. ಎಷ್ಟೋ ಕಡೆ ಮೆಕ್ಕೆಜೋಳದ ದಿಂಡಿನ ಪುಡಿಯೇ ಗತಿ. ಅದರಲ್ಲಿನ ಕೆಲವು ಪದಾರ್ಥಗಳು ದಂಶಕಗಳ ಹಾರ್ಮೋನ್ ವ್ಯವಸ್ಥೆಯನ್ನು ಕೆಣಕುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಆಹಾರದ ಸೋಯಾದಲ್ಲಿ ಈಸ್ಟ್ರೋಜನ್ ಹೋಲುವ ಜೆನಿಸ್ಟೀನ್, ಡೈಡ್ಜೀನ್ ಇರುತ್ತವೆ. ಹಾರ್ಮೋನ್ ಬಗ್ಗೆ ಪ್ರಶ್ನೆ ಕೇಳುತ್ತಿದ್ದರೆ ಮರದ ಚಕ್ಕೆಯ ಬೆಡ್ಡಿಂಗ್, ಸೋಯಾ ಇಲ್ಲದ ಆಹಾರ ಒಳ್ಳೆಯದು. ಆಗದಿದ್ದರೆ ಕೊನೆಯವರೆಗೂ ಒಂದೇ ಬ್ರ್ಯಾಂಡ್.

ಇಲಿ ಹಿಡಿಯುವವರ ಲಿಂಗವೂ ಲೆಕ್ಕಕ್ಕೆ ಬರುತ್ತದೆ ಅಂದರೆ ನಗಬೇಡಿ. ಗಂಡಸರ ವಾಸನೆಗೇ, ಅವರು ತೊಟ್ಟ ಟೀಶರ್ಟಿಗೇ, ಇಲಿಗಳಲ್ಲಿ ಒತ್ತಡ ಏರಿ ನೋವಿನ ಪ್ರತಿಕ್ರಿಯೆ ತಗ್ಗಿದ್ದನ್ನು ಕೆನಡಾದ ತಂಡವೊಂದು 2014ರಲ್ಲಿ ತೋರಿಸಿತು. ಗಂಡು ಇಲಿಗಳನ್ನು ಒಬ್ಬರು, ಹೆಣ್ಣುಗಳನ್ನು ಇನ್ನೊಬ್ಬರು ಅಂತ ಕೆಲಸ ಹಂಚಿಕೊಳ್ಳಬೇಡಿ.

ಹಂತ 6: ಡೋಸ್

ಎನ್‌ಒಡಿಗೆ ಇದು ಬೇಕಿಲ್ಲ. ಚುಚ್ಚಿ ರೋಗ ಬರಿಸುವ ಮಾದರಿಗಳಿಗೆ ಬೇಕು. ಎಂಟು ವಾರದ ಹೆಣ್ಣು 18 ಗ್ರಾಂ, ಗಂಡು 24 ಗ್ರಾಂ ಇದೆ ಅಂದುಕೊಳ್ಳಿ. ಎರಡಕ್ಕೂ ಒಂದೇ ಪ್ರಮಾಣದ ಪರ್ಟುಸಿಸ್ ಟಾಕ್ಸಿನ್ (ಇಎಇಗೆ ಬಳಸುವ ಬ್ಯಾಕ್ಟೀರಿಯಾ ವಿಷ) ಅಥವಾ ಅರ್ಧ ಮಿಲಿಲೀಟರ್ ಪ್ರಿಸ್ಟೇನ್ (ಲೂಪಸ್ ಬರಿಸುವ ಎಣ್ಣೆ) ಕೊಟ್ಟರೆ, ತೂಕದ ಲೆಕ್ಕದಲ್ಲಿ ಹೆಣ್ಣಿಗೆ ಮೂರನೇ ಒಂದರಷ್ಟು ಜಾಸ್ತಿ ಹೋಯಿತು. ಆಮೇಲೆ 'ಹೆಣ್ಣುಗಳಲ್ಲಿ ರೋಗ ಜೋರು' ಅಂದರೆ ಯಾರು ನಂಬಬೇಕು? ಒಂದು ಸಣ್ಣ ಗುಂಪಿಗಾದರೂ ತೂಕಕ್ಕೆ ತಕ್ಕ ಡೋಸ್ ಕೊಟ್ಟು ನೋಡಿ.

ಹಂತ 7: ಅಳೆಯುವುದು

ಎನ್‌ಒಡಿಯಲ್ಲಿ 10 ವಾರದಿಂದ ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ರಕ್ತದ ಸಕ್ಕರೆ ನೋಡಿ. ಬೆಳಗ್ಗೆ ಆದರೆ ಯಾವಾಗಲೂ ಬೆಳಗ್ಗೆ. ಉಪವಾಸ ಹಾಕಬೇಕಿಲ್ಲ. ಇಲಿಯ ಬಾಲವನ್ನು ಉಗುರುಬೆಚ್ಚಗೆ ಮಾಡಿ, ತುದಿಯಲ್ಲಿ ಸಣ್ಣದಾಗಿ ಚುಚ್ಚಿ. ಮೊದಲ ಹನಿ ಒರೆಸಿ, ಎರಡನೆಯದನ್ನು ಸ್ಟ್ರಿಪ್‌ಗೆ ತಾಗಿಸಿ. ಬಾಲ ಹಿಂಡಬೇಡಿ, ಅಂಗಾಂಶದ ನೀರು ಬೆರೆತು ಅಂಕಿ ಕೆಡುತ್ತದೆ. ಒಂದು ಡೆಸಿಲೀಟರಿಗೆ 250 ಮಿಲಿಗ್ರಾಂ ದಾಟಿದರೆ ಮತ್ತೊಮ್ಮೆ ನೋಡಿ. ಎರಡು ಸಲ ಸತತವಾಗಿ ದಾಟಿದರೆ ರೋಗ ಬಂತು ಅಂತ ಬರೆದುಕೊಳ್ಳುವುದು ಸಾಮಾನ್ಯ ರೂಢಿ. ಹಿಡಿಯುವಾಗಿನ ಗಾಬರಿಗೂ ಸಕ್ಕರೆ ಏರುತ್ತದೆ, ಅದಕ್ಕೇ ಎರಡು ಸಲ.

ಮೀಟರ್ ಹೇಳುವ ಮೊದಲೇ ಬೆಡ್ಡಿಂಗ್ ಹೇಳಿಬಿಡುತ್ತದೆ. ಸಕ್ಕರೆ ಏರಿದ ಇಲಿ ನೀರು ಜಾಸ್ತಿ ಕುಡಿಯುತ್ತದೆ, ಉಚ್ಚೆ ಜಾಸ್ತಿ ಹೊಯ್ಯುತ್ತದೆ. ನಿನ್ನೆ ಬದಲಿಸಿದ ಬೆಡ್ಡಿಂಗ್ ಇವತ್ತೇ ಒದ್ದೆಯಾಗಿ ಒಂದು ಮೂಲೆಗೆ ಅಂಟಿಕೊಂಡಿದ್ದರೆ ಆ ಕೇಜಿನ ಎಲ್ಲ ಇಲಿಗಳನ್ನೂ ಅವತ್ತೇ ಪರೀಕ್ಷಿಸಿ. ಕೇಜ್ ತೊಳೆಯುವ ಸಿಬ್ಬಂದಿಯ ಹತ್ತಿರ ಮಾತಾಡಿಕೊಂಡಿರಿ. ಅವರ ಕಣ್ಣಿಗೆ ಇದು ನಿಮಗಿಂತ ಮೊದಲು ಬೀಳುತ್ತದೆ.

ಇನ್ಸುಲೈಟಿಸ್ ನೋಡಲು ಬೇರೆ ಗುಂಪು ಬೇಕು, ಸಾಮಾನ್ಯವಾಗಿ 10–12 ವಾರದ ಇಲಿಗಳು. ಪ್ಯಾಂಕ್ರಿಯಾಸ್ ಕತ್ತರಿಸುವಾಗ ಪದರಗಳ ನಡುವೆ 100 ಮೈಕ್ರಾನ್‌ಗಿಂತ ಜಾಸ್ತಿ ಅಂತರ ಬಿಡಿ. ಇಲ್ಲದಿದ್ದರೆ ಒಂದೇ ಐಲೆಟ್ ಎರಡೆರಡು ಸಲ ಎಣಿಕೆಗೆ ಬರುತ್ತದೆ. ಕೋಶಗಳು ಇಲ್ಲದಿದ್ದರೆ 0, ಅಂಚಿನಲ್ಲಿ ಮಾತ್ರ ಇದ್ದರೆ 1, ಅರ್ಧಕ್ಕಿಂತ ಕಡಿಮೆ ಆವರಿಸಿದ್ದರೆ 2, ಅರ್ಧ ದಾಟಿದರೆ 3. ಅಂಕ ಹಾಕುವವರಿಗೆ ಸ್ಲೈಡ್ ಗಂಡಿನದೋ ಹೆಣ್ಣಿನದೋ ಗೊತ್ತಿರಬಾರದು. ಸ್ಲೈಡಿನ ಮೇಲೆ 'ಎಫ್', 'ಎಂ' ಅಂತ ಬರೆಯುವ ಅಭ್ಯಾಸ ಬಿಡಿ, ಬರೀ ನಂಬರ್ ಹಾಕಿ.

ಇಲಿಮನೆಯ ಶುಚಿತ್ವದ ದಾಖಲೆಯನ್ನೂ ಇಟ್ಟುಕೊಳ್ಳಿ. ಎನ್‌ಒಡಿಯಲ್ಲಿ ಇದು ವಿಚಿತ್ರ: ಜಾಗ ಕೊಳಕಾದಷ್ಟೂ, ಸೋಂಕು ತಗುಲಿದಷ್ಟೂ ಡಯಾಬಿಟಿಸ್ ಕಡಿಮೆಯಾಗುತ್ತದೆ. ನಿಮ್ಮ ಹೆಣ್ಣುಗಳಲ್ಲಿ ನೂರಕ್ಕೆ 40ಕ್ಕೆ ಮಾತ್ರ ರೋಗ ಬಂದರೆ ಪ್ರಯೋಗಕ್ಕಿಂತ ಮೊದಲು ಕೋಣೆಯನ್ನು ಅನುಮಾನಿಸಿ.

ಹಂತ 8: ಬೆದೆಯ ಚಕ್ರ, ಬೇಕಾದಾಗ ಮಾತ್ರ

ಹೆಣ್ಣಿಲಿಯ ಚಕ್ರ 4–5 ದಿನದ್ದು. 30 ವಾರದ ಪ್ರಯೋಗದಲ್ಲಿ ಇದನ್ನು ದಿನಾ ನೋಡುವುದು ಇಲಿಗೂ ಹಿಂಸೆ, ನಿಮಗೂ ವ್ಯರ್ಥ. ಒಂದೇ ದಿನ ಸೈಟೋಕೈನ್ (ರೋಗನಿರೋಧಕ ಕೋಶಗಳ ಸಂದೇಶ ಪ್ರೋಟೀನ್) ಅಥವಾ ಕೋಶಗಳ ಎಣಿಕೆ ಮಾಡುವಾಗ ಆ ದಿನದ ಹಂತ ಬರೆದಿಟ್ಟುಕೊಂಡರೆ ಸಾಕು.

20–30 ಮೈಕ್ರೋಲೀಟರ್ ಸಲೈನ್ ಪಿಪೆಟ್ಟಿನಲ್ಲಿ ತೆಗೆದುಕೊಂಡು ತುದಿಯನ್ನು ಯೋನಿಯ ಬಾಯಿಗೆ ತಾಗಿಸಿ, ಒಳಗೆ ತೂರಿಸಬೇಡಿ. ಹಿಂದೆ ಎಳೆದುಕೊಂಡು ಸ್ಲೈಡ್ ಮೇಲೆ ಹಾಕಿ ನೋಡಿ. ದುಂಡಗೆ, ಕೇಂದ್ರ (ನ್ಯೂಕ್ಲಿಯಸ್) ಇರುವ ಕೋಶಗಳ ಗೊಂಚಲು ಕಂಡರೆ ಬೆದೆ ಹತ್ತಿರ ಬಂದಿದೆ. ಕೇಂದ್ರ ಇಲ್ಲದ, ಚೂಪು ಅಂಚಿನ ಹಕ್ಕಳೆಯಂಥ ಕೋಶಗಳೇ ತುಂಬಿದ್ದರೆ ಬೆದೆ. ಹಕ್ಕಳೆಯೂ ಸಣ್ಣ ಬಿಳಿ ರಕ್ತಕಣಗಳೂ ಬೆರೆತಿದ್ದರೆ ಬೆದೆ ಇಳಿಯುತ್ತಿದೆ. ಬಿಳಿ ರಕ್ತಕಣಗಳದ್ದೇ ರಾಜ್ಯ ಆಗಿದ್ದರೆ ಚಕ್ರದ ಶಾಂತ ಹಂತ. ಪಿಪೆಟ್ ಒಳಗೆ ಚುಚ್ಚಿದರೆ ಇಲಿಗೆ ಸುಳ್ಳು ಗಬ್ಬ ನಿಂತು ಹತ್ತು–ಹನ್ನೆರಡು ದಿನ ಚಕ್ರವೇ ನಿಲ್ಲಬಹುದು. ಹೆಣ್ಣುಗಳನ್ನು ಹೀಗೆ ಹಿಡಿದು ಎತ್ತಿದರೆ ಗಂಡುಗಳನ್ನೂ ಅಷ್ಟೇ ಹೊತ್ತು ಹಿಡಿದು ಎತ್ತಬೇಕು.

ಹೆಣ್ಣುಗಳನ್ನೇ ಒತ್ತೊತ್ತಾಗಿ, ಗಂಡಿನ ವಾಸನೆಯೇ ಇಲ್ಲದ ಕಡೆ ಇಟ್ಟರೆ ಚಕ್ರ ಮಂದವಾಗುತ್ತದೆ. ಎಲ್ಲ ಹೆಣ್ಣುಗಳೂ ಒಂದೇ ಹಂತದಲ್ಲಿ ಬೇಕಾದರೆ ಗಂಡಿನ ಹಳೆಯ ಬೆಡ್ಡಿಂಗ್ ಒಂದು ಹಿಡಿ ಕೇಜಿಗೆ ಹಾಕಿ, ಮೂರು ದಿನ ಬಿಟ್ಟು ನೋಡಿ.

ಹಂತ 9: ಕಾರಣ ಹುಡುಕುವುದು

ಇಲ್ಲಿಯವರೆಗೆ ಬಂದದ್ದು ಬರೀ ವ್ಯತ್ಯಾಸ ಇದೆ ಎಂದು ಗೊತ್ತುಮಾಡಿಕೊಳ್ಳಲು. ಇನ್ನು ಮೂರು ದಾರಿಗಳಿವೆ: ಹಾರ್ಮೋನ್, ಕ್ರೋಮೋಸೋಮ್, ಬ್ಯಾಕ್ಟೀರಿಯಾ.

ಹಾರ್ಮೋನ್ ದಾರಿ ಹಳೆಯದು. 1970ರ ದಶಕದಲ್ಲಿ ನಾರ್ಮನ್ ತಲಾಲ್ ತಂಡ ನ್ಯೂಜಿಲೆಂಡ್ ಮಿಶ್ರತಳಿಯ ಗಂಡುಗಳ ಬೀಜ ತೆಗೆಯಿತು. ಅವು ಬೇಗ ಸತ್ತವು. ಹೆಣ್ಣುಗಳಿಗೆ ಗಂಡು ಹಾರ್ಮೋನ್ ಕೊಟ್ಟಾಗ ಅವು ಜಾಸ್ತಿ ಬದುಕಿದವು. ಎನ್‌ಒಡಿ ಗಂಡುಗಳಲ್ಲೂ ಬೀಜ ತೆಗೆದರೆ ಡಯಾಬಿಟಿಸ್ ಏರುತ್ತದೆ. ನೀವು ಮಾಡುವುದಾದರೆ ನಾಲ್ಕು ಗುಂಪು ಬೇಕು: ಬೀಜ ತೆಗೆದದ್ದು, ಬರೀ ಹೊಟ್ಟೆ ತೆರೆದು ಹೊಲಿದದ್ದು, ತೆಗೆದು ಹಾರ್ಮೋನ್ ವಾಪಸ್ ಕೊಟ್ಟದ್ದು, ತೆಗೆದು ಖಾಲಿ ಕ್ಯಾಪ್ಸೂಲ್ ಇಟ್ಟದ್ದು. ವಯಸ್ಸೂ ಮುಖ್ಯ. ಪ್ರಾಯಕ್ಕೆ ಬರುವ ಮೊದಲು, 3–4 ವಾರಕ್ಕೆ ತೆಗೆಯುವುದೂ ದೊಡ್ಡದಾದ ಮೇಲೆ ತೆಗೆಯುವುದೂ ಒಂದೇ ಅಲ್ಲ. ಇನ್ನೊಂದು ಗುಟ್ಟು: ಟೆಸ್ಟೋಸ್ಟಿರೋನ್ ದೇಹದೊಳಗೆ ಈಸ್ಟ್ರೋಜನ್ ಆಗಿ ಬದಲಾಗಬಲ್ಲದು, ಡಿಎಚ್‌ಟಿ ಎಂಬ ಇನ್ನೊಂದು ಗಂಡು ಹಾರ್ಮೋನ್ ಬದಲಾಗುವುದಿಲ್ಲ. ಎರಡನ್ನೂ ಕೊಟ್ಟು ನೋಡಿದರೆ ಕೆಲಸ ಯಾರದ್ದು ಅಂತ ಗೊತ್ತಾಗುತ್ತದೆ.

ಶಸ್ತ್ರಕ್ರಿಯೆ ಫಲಿಸಿತಾ ಅಂತ ತಿಳಿಯಲು ದುಬಾರಿ ಕಿಟ್ ಕೊಳ್ಳುವ ಮೊದಲು ತಕ್ಕಡಿ ತೆಗೆಯಿರಿ. ಗಂಡಿನಲ್ಲಿ ವೀರ್ಯಕೋಶ, ಹೆಣ್ಣಿನಲ್ಲಿ ಗರ್ಭಕೋಶ ತೂಗಿ. ಹಾರ್ಮೋನ್ ಹೋದರೆ ಎರಡೂ ಸೊರಗಿ ದಾರದಂತಾಗುತ್ತವೆ, ಹಾರ್ಮೋನ್ ಕೊಟ್ಟರೆ ಮತ್ತೆ ತುಂಬಿಕೊಳ್ಳುತ್ತವೆ. ಗಂಡಿಲಿಯ ರಕ್ತದ ಟೆಸ್ಟೋಸ್ಟಿರೋನ್ ಗಂಟೆಗಂಟೆಗೂ ಏರಿಳಿಯುತ್ತದೆ. ಒಂದು ಸಲ ತೆಗೆದ ರಕ್ತ ಏನನ್ನೂ ಹೇಳುವುದಿಲ್ಲ. ಹೆಣ್ಣಿಲಿಯ ಎಸ್ಟ್ರಡೈಯೋಲ್ (ಮುಖ್ಯ ಈಸ್ಟ್ರೋಜನ್) ಎಷ್ಟು ಕಡಿಮೆ ಇರುತ್ತದೆ ಅಂದರೆ ಸಾಮಾನ್ಯ ಎಲೈಸಾ ಕಿಟ್ ಕೊಡುವ ಅಂಕಿಯನ್ನು ನಾನಂತೂ ನಂಬುವುದಿಲ್ಲ. ಅಂಗದ ತೂಕ ವಾರಗಟ್ಟಲೆಯ ಹಾರ್ಮೋನಿನ ಲೆಕ್ಕ ಇಟ್ಟಿರುತ್ತದೆ.

ಕ್ರೋಮೋಸೋಮ್ ದಾರಿಗೆ 'ಫೋರ್ ಕೋರ್ ಜೀನೋಟೈಪ್ಸ್' ಇಲಿಗಳಿವೆ. ವೃಷಣ ಬೆಳೆಸುವ ಎಸ್‌ಆರ್‌ವೈ ಜೀನನ್ನು ವೈ ಕ್ರೋಮೋಸೋಮಿನಿಂದ ತೆಗೆದು 3ನೇ ಕ್ರೋಮೋಸೋಮಿನಲ್ಲಿ ಕೂರಿಸಿರುತ್ತಾರೆ. ಆಗ ವೃಷಣ ಇರುವ ಎಕ್ಸ್‌ಎಕ್ಸ್, ಅಂಡಾಶಯ ಇರುವ ಎಕ್ಸ್‌ವೈ, ಹೀಗೆ ನಾಲ್ಕು ಬಗೆ ಸಿಗುತ್ತವೆ. 2008ರಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕರು ಎಸ್‌ಜೆಎಲ್ ಹಿನ್ನೆಲೆಯಲ್ಲಿ ಇದನ್ನು ಬಳಸಿದರು. ಹಾರ್ಮೋನ್ ಸಮ ಇದ್ದರೂ ಎಕ್ಸ್‌ಎಕ್ಸ್ ಇಲಿಗಳಲ್ಲಿ ಇಎಇ, ಲೂಪಸ್ ಎರಡೂ ಜೋರಾಗಿದ್ದವು.

ಆದರೆ ಹುಷಾರು. ಸಿ57ಬಿಎಲ್/6 ಹಿನ್ನೆಲೆಯ ಈ ಇಲಿಗಳ ವೈ ಮೇಲೆ ಎಕ್ಸ್‌ನ ಸುಮಾರು 32 ಲಕ್ಷ ಅಕ್ಷರದಷ್ಟು ತುಂಡು ಕೂತಿದೆ ಎಂದು 2024ರಲ್ಲಿ ಬೆಳಕಿಗೆ ಬಂತು. ಆ ತುಂಡಿನಲ್ಲಿ ಅದೇ ಟಿಎಲ್‌ಆರ್7 ಇದೆ, ಬಿಎಕ್ಸ್‌ಎಸ್‌ಬಿಯಲ್ಲಿ ಇದ್ದ ಹಾಗೆ. ಆಟೋಇಮ್ಯೂನ್ ಪ್ರಯೋಗಕ್ಕೆ ಇದಕ್ಕಿಂತ ಕೆಟ್ಟ ಜಾಗದಲ್ಲಿ ಎಡವಟ್ಟು ಆಗಲು ಸಾಧ್ಯವಿರಲಿಲ್ಲ. ಇಲಿ ತರಿಸುವ ಮೊದಲು ಆ ಲೈನಿನಲ್ಲಿ ಟಿಎಲ್‌ಆರ್7 ಎಷ್ಟು ಪ್ರತಿ ಇದೆ ಅಂತ ಪಿಸಿಆರ್ ಮಾಡಿ ನೋಡಿಕೊಳ್ಳಿ.

ಎಕ್ಸ್ ಬಗ್ಗೆ ಹೊಸ ಸುಳಿವು ಎಕ್ಸಿಸ್ಟ್ ಎಂಬ ಆರ್‌ಎನ್‌ಎ. ಹೆಣ್ಣಿನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಸುಮ್ಮನಾಗಿಸುವುದು ಅದರ ಕೆಲಸ. ಗಂಡಿನಲ್ಲಿ ಅದು ಇರುವುದೇ ಇಲ್ಲ ಅನ್ನಬಹುದು. 2024ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೊವರ್ಡ್ ಚಾಂಗ್ ತಂಡ ಗಂಡು ಇಲಿಗಳಲ್ಲಿ ಎಕ್ಸಿಸ್ಟ್ ತಯಾರಾಗುವಂತೆ ಮಾಡಿ ಪ್ರಿಸ್ಟೇನ್ ಕೊಟ್ಟಿತು. ಎಸ್‌ಜೆಎಲ್ ಗಂಡುಗಳಲ್ಲಿ ಲೂಪಸ್ ಲಕ್ಷಣ ಜೋರಾಯಿತು. ರೋಗಕ್ಕೆ ಸುಲಭವಾಗಿ ಬಗ್ಗದ ಸಿ57ಬಿಎಲ್/6ರಲ್ಲಿ ಹಾಗೆ ಆಗಲಿಲ್ಲ. ತಳಿ ಆರಿಸುವ ಮಾತು ಇಲ್ಲೂ ಬಂತು ನೋಡಿ.

ಬ್ಯಾಕ್ಟೀರಿಯಾ ದಾರಿಯಲ್ಲಿ ಮತ್ತೆ ಎನ್‌ಒಡಿಯೇ ನಾಯಕ. ಸೂಕ್ಷ್ಮಜೀವಿಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದರೆ ಗಂಡು–ಹೆಣ್ಣಿನ ಅಂತರ ಅಳಿಸಿಹೋಗುತ್ತದೆ, ಗಂಡುಗಳಿಗೂ ರೋಗ ಬರುತ್ತದೆ. 2013ರಲ್ಲಿ ಟೊರೊಂಟೊದ ತಂಡ ಬೆಳೆದ ಗಂಡುಗಳ ಸೀಕಮ್, ಅಂದರೆ ದೊಡ್ಡ ಕರುಳಿನ ಆರಂಭದ ಚೀಲದಲ್ಲಿದ್ದದ್ದನ್ನು ಎಳೆಯ ಹೆಣ್ಣುಗಳ ಹೊಟ್ಟೆಗೆ ಕೊಟ್ಟಿತು. ಆ ಹೆಣ್ಣುಗಳಲ್ಲಿ ಟೆಸ್ಟೋಸ್ಟಿರೋನ್ ಏರಿತು, ಡಯಾಬಿಟಿಸ್ ಇಳಿಯಿತು. ಗಂಡು ಹಾರ್ಮೋನಿನ ಕೆಲಸ ತಡೆಯುವ ಫ್ಲೂಟಮೈಡ್ ಕೊಟ್ಟರೆ ಆ ರಕ್ಷಣೆ ಕುಗ್ಗಿತು. ಹಾರ್ಮೋನ್ ಬ್ಯಾಕ್ಟೀರಿಯಾವನ್ನು ಬದಲಿಸುತ್ತದೆ, ಬ್ಯಾಕ್ಟೀರಿಯಾ ಹಾರ್ಮೋನನ್ನು ಬದಲಿಸುತ್ತದೆ. ಈ ಪ್ರಯೋಗ ಮಾಡುವುದಾದರೆ ಹಾಲು ಬಿಡಿಸಿದ ಕೂಡಲೇ ಮಾಡಿ, ಮತ್ತು ಹೆಣ್ಣಿನದೇ ಸೀಕಮ್ ಕೊಟ್ಟ ಹೆಣ್ಣುಗಳ ಗುಂಪನ್ನು ಮರೆಯಬೇಡಿ. ಟ್ಯೂಬ್ ಹಾಕುವುದೇ ಒಂದು ಒತ್ತಡ.

ಹಂತ 10: ಲೆಕ್ಕ ಮತ್ತು ವರದಿ

ತೀರಾ ಸಾಮಾನ್ಯ ತಪ್ಪು ಇದು. ಹೆಣ್ಣುಗಳಲ್ಲಿ ಔಷಧದ ಪಿ ಮೌಲ್ಯ 0.03 ಬಂತು, ಗಂಡುಗಳಲ್ಲಿ 0.20 ಬಂತು. 'ಔಷಧದ ಪರಿಣಾಮ ಲಿಂಗದ ಮೇಲೆ ನಿಂತಿದೆ' ಅಂತ ಬರೆದರು. ಇಲ್ಲ, ಹಾಗೆ ಹೇಳಲು ಬರುವುದಿಲ್ಲ. ಒಂದೇ ಮಾದರಿಯಲ್ಲಿ ಎರಡೂ ಲಿಂಗ ಸೇರಿಸಿ, ಲಿಂಗ ಮತ್ತು ಔಷಧದ ಗುಣಲಬ್ಧ ಪದವನ್ನು (ಇಂಟರ್ಯಾಕ್ಷನ್) ಪರೀಕ್ಷಿಸಬೇಕು. ರೋಗ ಬಂದ ವಯಸ್ಸಿಗೆ ಕಪ್ಲಾನ್–ಮೈಯರ್ ಗೆರೆ (ವಾರ ವಾರಕ್ಕೆ ಎಷ್ಟು ಇಲಿ ರೋಗವಿಲ್ಲದೆ ಉಳಿದವು ಎಂಬ ಗ್ರಾಫ್) ಎಳೆದು ಕಾಕ್ಸ್ ಮಾದರಿ (ರೋಗ ಬರುವ ವೇಗ ಹೋಲಿಸುವ ಲೆಕ್ಕ) ಹಾಕಿ. ಕೇಜ್ ಮತ್ತು ಸೂಲನ್ನು ಯಾದೃಚ್ಛಿಕ ಅಂಶಗಳಾಗಿ ಸೇರಿಸಿ. 30 ವಾರಕ್ಕೂ ರೋಗ ಬರದ ಗಂಡುಗಳನ್ನು ಲೆಕ್ಕದಿಂದ ಕೈಬಿಡಬೇಡಿ, ಅವು 'ಇಲ್ಲಿಯವರೆಗೆ ಬಂದಿಲ್ಲ' ಅಂತ ಮಾದರಿಯೊಳಗೇ ಇರಬೇಕು.

ಬರೆಯುವಾಗ ತಳಿಯ ಪೂರ್ತಿ ಹೆಸರು ಕೊಡಿ. 'ಎನ್‌ಒಡಿ' ಅಂದರೆ ಸಾಲದು, ಎನ್‌ಒಡಿ/ಶಿಎಲ್‌ಟಿಜೆ ಅಂತ ಬರೆಯಬೇಕು. ವಸಾಹತಿನಿಂದ ವಸಾಹತಿಗೆ ರೋಗದ ಪ್ರಮಾಣ ಬದಲಾಗುವುದರಿಂದ ನಿಮ್ಮಲ್ಲಿನ ಔಷಧ ಕೊಡದ ಗಂಡು–ಹೆಣ್ಣಿನ ಅಂಕಿ ಬೇರೆಯಾಗಿ ಕೊಡಿ. ವಯಸ್ಸು, ಆಹಾರ, ಬೆಡ್ಡಿಂಗ್, ಕೇಜಿಗೆ ಎಷ್ಟು ಇಲಿ, ಯಾವ ಹೊತ್ತಿಗೆ ಅಳೆದಿರಿ, ಎಲ್ಲ ಇರಲಿ. ಪ್ರಾಣಿ ಪ್ರಯೋಗಗಳ ವರದಿಗಾಗಿ ಇರುವ ಅರೈವ್ ಮಾರ್ಗಸೂಚಿಯ ಪಟ್ಟಿ ಪಕ್ಕದಲ್ಲಿಟ್ಟುಕೊಂಡರೆ ಮರೆವು ಕಡಿಮೆ. ಲಿಂಗದಿಂದ ವ್ಯತ್ಯಾಸ ಕಾಣದಿದ್ದರೂ ಗ್ರಾಫಿನಲ್ಲಿ ಗಂಡಿಗೂ ಹೆಣ್ಣಿಗೂ ಬೇರೆ ಬೇರೆ ಚುಕ್ಕೆ ಹಾಕಿ. ನಾಳೆ ಯಾರೋ ಹತ್ತು ಲ್ಯಾಬ್‌ಗಳ ಅಂಕಿ ಒಟ್ಟುಮಾಡುವಾಗ ನಿಮ್ಮ ಇಲಿಗಳೂ ಲೆಕ್ಕಕ್ಕೆ ಸಿಗಬೇಕು ಅಲ್ವಾ.